ಮನೆಯ ಆಹಾರ ದಾಸ್ತಾನು (ಕರ್ನಾಟಕ)

ಮನೆಯ ಆಹಾರ ದಾಸ್ತಾನು ಎಂದರೆ ಒಂದು ಕುಟುಂಬವು ಮುಂದಿನ ಸುಗ್ಗಿಯವರೆಗೆ ಅಥವಾ ಅದಕ್ಕೂ ಹೆಚ್ಚು ಕಾಲ ಉಣ್ಣಲು ಬೇಕಾದ ಧಾನ್ಯ, ಕಾಳು, ಹುಳಿ, ಒಣತರಕಾರಿ, ಉಪ್ಪಿನಕಾಯಿ, ಹಪ್ಪಳ ಮೊದಲಾದವನ್ನು ಕೆಡದಂತೆ ಹದಮಾಡಿ ಮನೆಯಲ್ಲೇ ಕೂಡಿಟ್ಟುಕೊಳ್ಳುವ ವ್ಯವಸ್ಥೆ. ಈ ಲೇಖನದಲ್ಲಿ ಪದಾರ್ಥವನ್ನು ಅದರ ಮೂಲರೂಪದಲ್ಲೇ ಒಣಗಿಸಿ ಇಡುವುದನ್ನು ‘ಸಂಗ್ರಹ’ ಎಂದೂ, ಉಪ್ಪು, ಹೊಗೆ, ಹುಳಿ, ಅಡುಗೆಗಳಿಂದ ಅದರ ಗುಣ ಬದಲಿಸಿ ಇಡುವುದನ್ನು ‘ಸಂರಕ್ಷಣೆ’ ಎಂದೂ, ಎರಡೂ ಸೇರಿದ್ದನ್ನು ‘ದಾಸ್ತಾನು’ ಎಂದೂ ಕರೆಯಲಾಗಿದೆ.

ಕರ್ನಾಟಕದಲ್ಲಿ ಈ ವ್ಯವಸ್ಥೆ ಎರಡು ಬಗೆಯಾಗಿ ಬೆಳೆಯಿತು. ಬಯಲುಸೀಮೆಗೆ ಬರದ ಭಯ. ಮಳೆ ಕೈಕೊಟ್ಟ ವರ್ಷಕ್ಕೂ ಇರಲಿ ಎಂದು ರಾಗಿ, ಜೋಳಗಳನ್ನು ಹಲವು ವರ್ಷಗಳ ಮಟ್ಟಿಗೆ ಕೂಡಿಡುವುದು ಅಲ್ಲಿನ ಕ್ರಮ. ಮಲೆನಾಡು, ಕರಾವಳಿಗಳಲ್ಲಿ ಮಳೆ ತಪ್ಪುವುದು ಅಪರೂಪ, ಅಲ್ಲಿ ತೊಡಕು ಮಳೆಯದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿತ್ತಲಲ್ಲಿ ತರಕಾರಿ ಕೊಳೆಯುತ್ತದೆ, ದೋಣಿ ಕಡಲಿಗೆ ಇಳಿಯುವುದಿಲ್ಲ, ಹಿಂದೆ ಹೊಳೆ ದಾಟಿ ಸಂತೆಗೆ ಹೋಗುವುದೂ ಆಗುತ್ತಿರಲಿಲ್ಲ. ಆದ್ದರಿಂದ ಬಯಲುಸೀಮೆಯ ಜಾಣ್ಮೆ ಹೆಚ್ಚಾಗಿ ಧಾನ್ಯದ ಮೇಲೆ ಖರ್ಚಾಗಿದೆ, ಘಟ್ಟ ಮತ್ತು ಕರಾವಳಿಯದು ಅನ್ನದ ಜೊತೆ ಕಲಸಿಕೊಳ್ಳುವ ವ್ಯಂಜನದ ಮೇಲೆ.

ಹಿನ್ನೆಲೆ

ಆಹಾರ ಕೆಡದಂತೆ ಇಡುವ ತಿಳಿವಳಿಕೆ ಕನ್ನಡ ಗ್ರಂಥಗಳಿಗೆ ಹೊಸದಲ್ಲ. ಕಲ್ಯಾಣ ಚಾಳುಕ್ಯರ ಕಾಲದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (ಸು. 1025) ಬೇಸಾಯ, ವೃಕ್ಷವೈದ್ಯಗಳ ಜೊತೆಗೆ ಪಾಕಶಾಸ್ತ್ರಕ್ಕೂ ಒಂದು ಅಧ್ಯಾಯವಿದೆ. ಗುರುಲಿಂಗ ದೇಶಿಕನ 1594ರ ‘ಲಿಂಗಪುರಾಣ’ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ವರ್ಣನೆ ಇರುವುದನ್ನು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಗುರುತಿಸಿದ್ದಾರೆ. ಧಾನ್ಯದ ಬಾಳಿಕೆಯನ್ನೇ ಕಥೆಯ ತಿರುಳಾಗಿ ಮಾಡಿಕೊಂಡ ಕೃತಿ ಕನಕದಾಸರ ‘ರಾಮಧಾನ್ಯ ಚರಿತೆ’. ರಾಗಿಗೂ ಭತ್ತಕ್ಕೂ ಹಿರಿಮೆಯ ಜಗಳ ಹತ್ತಿದಾಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಅವಧಿ ಮುಗಿದಾಗ ಭತ್ತ ಕಳೆಗುಂದಿರುತ್ತದೆ, ರಾಗಿ ಹಾಗೆಯೇ ಉಳಿದಿರುತ್ತದೆ. ಈ ಕಾವ್ಯವನ್ನು ಸಾಮಾಜಿಕ ರೂಪಕವಾಗಿ ಓದುವುದು ವಾಡಿಕೆ. ಆದರೆ ಆ ರೂಪಕ ನಿಂತಿರುವುದು ಬಯಲುಸೀಮೆಯ ಪ್ರತಿ ರೈತನಿಗೂ ಗೊತ್ತಿದ್ದ ಒಂದು ಸಂಗತಿಯ ಮೇಲೆ.

ಕೋಟೆಗಳಿಗೆ ದಾಸ್ತಾನು ಮುತ್ತಿಗೆಯ ಸಿದ್ಧತೆಯಾಗಿತ್ತು. ಚಿತ್ರದುರ್ಗದ ಕೋಟೆಯಲ್ಲಿ ಕಣಜಗಳನ್ನೂ ಎಣ್ಣೆ ತುಂಬಿಡುವ ಕೊಳಗಳನ್ನೂ ಇಂದಿಗೂ ಕಾಣಬಹುದು. ಹಳ್ಳಿಯ ಮನೆಗೆ ಅದೇ ಕೆಲಸ ಬರದ ಲೆಕ್ಕದಲ್ಲಿ ಬರುತ್ತಿತ್ತು. 1791–92ರ ಡೋಗಿಬರ, 1876–78ರ ಧಾತು ಬರಗಳು ಈ ಲೆಕ್ಕದ ಮಿತಿಯನ್ನೂ ತೋರಿಸಿದವು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದಷ್ಟಕ್ಕೆ ಇಳಿದಿತ್ತು. ಒಂದು ವರ್ಷ ಬೆಳೆ ಹೋದರೆ ಹಗೇವು (ನೆಲದೊಳಗಿನ ಧಾನ್ಯದ ಗುಂಡಿ) ಕಾಯುತ್ತಿತ್ತು. ಮೇಲಿಂದ ಮೇಲೆ ಹೋದರೆ ಅದೂ ಬರಿದಾಗುತ್ತಿತ್ತು. ಜೊತೆಗೆ, ದೊಡ್ಡ ದಾಸ್ತಾನು ಎಂಬುದು ಜಮೀನಿದ್ದವರ ಸೊತ್ತಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ಕೂಲಿಯವರು ದಿನಗೂಲಿಯಾಗಿ ಬಂದ ಕಾಳಿನಲ್ಲೇ ಬದುಕಬೇಕಾಗಿತ್ತು, ಮಳೆಗಾಲದಲ್ಲಿ ಒಡೆಯರ ಮನೆಯಿಂದ ಧಾನ್ಯ ಸಾಲ ತಂದು ಸುಗ್ಗಿಯಲ್ಲಿ ಬಡ್ಡಿ ಸೇರಿಸಿ ಅಳೆದುಕೊಡಬೇಕಾಗಿತ್ತು.

ಆಹಾರ ಕೆಡುವ ಬಗೆ

ಕೂಡಿಟ್ಟ ಧಾನ್ಯವನ್ನು ಹಾಳುಮಾಡುವವು ತೇವ, ಹುಳು, ಬೂಷ್ಟು, ಇಲಿ. ಇವುಗಳಲ್ಲಿ ತೇವವೇ ಮುಖ್ಯ. ಅದಿದ್ದರೆ ಹುಳುವೂ ಬೂಷ್ಟೂ ತಾವಾಗಿಯೇ ಬರುತ್ತವೆ. ಏಕದಳ ಧಾನ್ಯಗಳಲ್ಲಿ ತೇವಾಂಶ ಸುಮಾರು 12 ಪ್ರತಿಶತಕ್ಕೆ ಇಳಿದರೆ ಬೂಷ್ಟು ಬೆಳೆಯಲಾರದು. ಕಾಳುಗಳಿಗೆ 9–10, ಶೇಂಗಾದಂಥ ಎಣ್ಣೆಕಾಳುಗಳಿಗೆ 7–8 ಪ್ರತಿಶತದ ಮಟ್ಟ ಬೇಕು. ಅಳತೆಯ ಯಂತ್ರವಿಲ್ಲದ ಕಡೆ ಹಲ್ಲೇ ಮಾಪಕ. ಕಾಳನ್ನು ಕಚ್ಚಿದಾಗ ಕಟಕ್ಕೆಂದು ಎರಡಾಗಬೇಕು. ಹಲ್ಲಿಗೆ ಮೆತ್ತಗೆ ಸಿಕ್ಕಿ ಚಪ್ಪಟೆಯಾದರೆ ಇನ್ನೆರಡು ಬಿಸಿಲು ಬೇಕು ಎಂದು ಅರ್ಥ. ಒಣಗಿಸಿದ ಧಾನ್ಯವನ್ನು ಬಿಸಿ ಇರುವಾಗಲೇ ತುಂಬುವುದಿಲ್ಲ. ಹಾಗೆ ತುಂಬಿದರೆ ರಾತ್ರಿಯ ತಂಪಿಗೆ ಪಾತ್ರೆಯ ಒಳಮೈಯಲ್ಲಿ ನೀರು ಹನಿಗಟ್ಟಿ ಅಲ್ಲಿಂದಲೇ ಮುಗ್ಗಲು ಶುರುವಾಗುತ್ತದೆ.

ಮುಖ್ಯ ಕೀಟಗಳು ಅಕ್ಕಿ, ಜೋಳ, ಗೋದಿಗಳಿಗೆ ಬೀಳುವ ಸೊಂಡಿಲು ಹುಳು (ಸೈಟೋಫಿಲಸ್ ಒರೈಜೇ), ಭತ್ತಕ್ಕೆ ಬೀಳುವ ಪತಂಗ, ಹಿಟ್ಟು ರವೆಗಳಲ್ಲಿ ಕಾಣುವ ಕೆಂಪು ಹುಳು ಮತ್ತು ಕಾಳುಗಳನ್ನು ಟೊಳ್ಳುಮಾಡುವ ಕುಟ್ಟೆ ಹುಳು (ಕ್ಯಾಲೊಸೊಬ್ರುಕಸ್ ಜಾತಿ). ಕುಟ್ಟೆಯ ಬಾಧೆ ಹೊಲದಲ್ಲೇ ಆರಂಭವಾಗುತ್ತದೆ. ಹೆಣ್ಣು ದುಂಬಿ ಕಾಳಿನ ಮೇಲ್ಮೈಗೆ ಮೊಟ್ಟೆ ಅಂಟಿಸುತ್ತದೆ. ಹೆಸರು, ಅಲಸಂದೆಗಳ ಮೇಲೆ ಬಿಳಿ ಚುಕ್ಕಿಯಂತೆ ಕಾಣುವುದು ಇದೇ. ಮರಿ ಕಾಳಿನೊಳಗೆ ಕೊರೆದು ಇಳಿದು, ಒಳಗೇ ತಿಂದು ಬೆಳೆದು, ಬೇಸಿಗೆಯ ಬೆಚ್ಚಗಿನ ಹವೆಯಲ್ಲಿ ತಿಂಗಳೊಪ್ಪತ್ತಿನಲ್ಲಿ ದುಂಡು ತೂತು ಮಾಡಿ ಹೊರಬರುತ್ತದೆ. ಹೀಗಾಗಿ ಒಂದು ಹಿಡಿ ಹುಳುಕು ಕಾಳಿನಿಂದ ಮೂರೇ ತಿಂಗಳಲ್ಲಿ ಇಡೀ ಗುಡಾಣ (ದೊಡ್ಡ ಮಣ್ಣಿನ ಮಡಕೆ) ಹಾಳಾಗಬಹುದು.

ಧಾನ್ಯ ಸಂಗ್ರಹದ ರಚನೆಗಳು

ಹಗೇವು. ನೆಲದೊಳಗೆ ತೋಡಿದ ಧಾನ್ಯದ ಗುಂಡಿ. ಉತ್ತರ ಕರ್ನಾಟಕದಲ್ಲಿ ಹಗೆ ಎಂದೂ ಕರೆಯುತ್ತಾರೆ. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಗೂ ಉತ್ತರದ ಜಿಲ್ಲೆಗಳಲ್ಲಿ ಜೋಳಕ್ಕೂ ಇದು ಬಳಕೆಯಲ್ಲಿತ್ತು. ನೀರು ನಿಲ್ಲದ ಎತ್ತರದ ಜಾಗ, ಗಟ್ಟಿ ಗರಸು ನೆಲ ಇದಕ್ಕೆ ಬೇಕು. ಮನೆಯ ಪಡಸಾಲೆಯಲ್ಲಿ, ಅಂಗಳದಲ್ಲಿ, ಕೆಲವು ಊರುಗಳಲ್ಲಿ ಬೀದಿಯ ನಡುವೆಯೇ ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಒಳಗೆ ಹೋದಂತೆ ಹೊಟ್ಟೆ ಅಗಲ. ತೋಡಿದ ಮೇಲೆ ಒಳಗೆ ಹುಲ್ಲು, ಕಟ್ಟಿಗೆ ಉರಿಸಿ ಗೋಡೆಯ ಪಸೆ ಆರಿಸುತ್ತಾರೆ. ತಳಕ್ಕೂ ಸುತ್ತಲೂ ಒಣಹುಲ್ಲಿನ ಅಥವಾ ಜೋಳದ ದಂಟಿನ ಒತ್ತು ಕೊಟ್ಟು ಧಾನ್ಯ ಸುರಿದು, ಮೇಲೆ ಮತ್ತೆ ಹುಲ್ಲು ಹೊದಿಸಿ, ಬಾಯಿಗೆ ಚಪ್ಪಡಿ ಎಳೆದು, ಸಂದುಗಳನ್ನು ಹಸಿಮಣ್ಣಿನಿಂದ ಮೆತ್ತಿ, ಅದರ ಮೇಲೆ ಮಣ್ಣು ತುಂಬುತ್ತಾರೆ.

ಹಗೇವು ಕೆಲಸ ಮಾಡುವ ರೀತಿ ಸರಳ. ಮುಚ್ಚಿದ ಗುಂಡಿಯಲ್ಲಿ ಕಾಳು ಉಸಿರಾಡುತ್ತದೆ, ಕಾಳಿನೊಂದಿಗೆ ಹೋದ ಹುಳುವೂ ಉಸಿರಾಡುತ್ತದೆ. ಆಮ್ಲಜನಕ ಮುಗಿಯುತ್ತ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ತಾನು ಕೆಡಿಸಿದ ಗಾಳಿಯಲ್ಲೇ ಸಾಯುತ್ತದೆ. ಇಲಿಗೆ ದಾರಿಯಿಲ್ಲ, ಬೆಂಕಿಯ ಭಯವಿಲ್ಲ. ದಂಡು, ದರೋಡೆಕಾರರು ಬಂದರೂ ಮಣ್ಣಿನಡಿ ಇರುವುದು ಸುಲಭವಾಗಿ ಕಣ್ಣಿಗೆ ಬೀಳದು. ಕೊರತೆಗಳೂ ಇವೆ. ಗೋಡೆಗೆ ತಾಗಿದ ಪದರಕ್ಕೆ ನೆಲದ ಪಸೆ ಏರಿ ಅದು ಕಪ್ಪಿಟ್ಟು ಮುಗ್ಗುತ್ತದೆ. ನಡುವಿನ ಜೋಳಕ್ಕೂ ಒಂದು ಬಗೆಯ ಹುಳಿವಾಸನೆ ಬರುತ್ತದೆ. ಉಸಿರು ಕಟ್ಟಿದ ಕಾಳು ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಬಿತ್ತನೆ ಬೀಜವನ್ನು ಸಾಮಾನ್ಯವಾಗಿ ಹಗೇವಿಗೆ ಹಾಕುತ್ತಿರಲಿಲ್ಲ. ಒಮ್ಮೆ ಬಾಯಿ ತೆರೆದರೆ ಗಾಳಿ ಸೇರಿಬಿಡುವುದರಿಂದ ದಿನಕ್ಕೆ ಬೇಕಾದಷ್ಟನ್ನೇ ತೆಗೆಯಲು ಬರುವುದಿಲ್ಲ, ಎಲ್ಲವನ್ನೂ ಹೊರತೆಗೆದು ಬೇರೆಡೆ ತುಂಬಬೇಕು. ಹಾಗಾಗಿ ಹಗೇವು ದಿನಬಳಕೆಯ ಭಂಡಾರವಲ್ಲ, ಕಷ್ಟಕಾಲದ ಠೇವಣಿ.

ಹಗೇವು ತೆರೆಯುವುದು ಅಪಾಯದ ಕೆಲಸ. ತಳದಲ್ಲಿ ಮಡುಗಟ್ಟಿದ ಗಾಳಿಗೆ ಸಿಕ್ಕಿ, ಇಳಿದವರು ಪ್ರಜ್ಞೆ ತಪ್ಪಿ ಸತ್ತದ್ದುಂಟು. ಅವರನ್ನು ಎತ್ತಲು ಇಳಿದವರೂ ಸತ್ತದ್ದುಂಟು. ಇದನ್ನರಿತ ಹಳ್ಳಿಗರು ಚಪ್ಪಡಿ ಸರಿಸಿ ಸಾಕಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಕೆಳಗಿಳಿಸಿ ನೋಡುತ್ತಿದ್ದರು. ದೀಪ ನಂದಿದರೆ ಕಂಬಳಿ ಬೀಸಿ ಗಾಳಿ ಆಡಿಸಿ ಮತ್ತೆ ಪರೀಕ್ಷಿಸುವುದು ಕ್ರಮ. ಗಾಳಿಯಲ್ಲಿ ಆಮ್ಲಜನಕ 16–17 ಪ್ರತಿಶತಕ್ಕೆ ಇಳಿದಾಗಲೇ ಸಾಧಾರಣ ಜ್ವಾಲೆ ಆರುತ್ತದೆ. ಮನುಷ್ಯನ ಪ್ರಾಣಕ್ಕೆ ಕುತ್ತು ಬರುವ ಮಟ್ಟ ಅದಕ್ಕಿಂತ ಕೆಳಗಿರುವುದರಿಂದ ದೀಪ ಮೊದಲೇ ಎಚ್ಚರಿಸುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ತಾನಾಗಿಯೇ ವಿಷ. ದೀಪ ಉರಿಯಿತೆಂಬುದೊಂದೇ ಪೂರ್ಣ ಭರವಸೆಯಲ್ಲ.

ವಾಡೆ ಮತ್ತು ಗುಡಾಣ. ಇವು ಕುಂಬಾರರು ಮಾಡಿದ ಮಣ್ಣಿನ ಸಂಗ್ರಹಗಳು. ಗುಡಾಣ ಒಂದೇ ದೊಡ್ಡ ಮಡಕೆ. ವಾಡೆಯನ್ನು ಸುಟ್ಟ ಮಣ್ಣಿನ ಅಗಲ ಬಳೆಗಳನ್ನು ಒಂದರ ಮೇಲೊಂದು ಕೂರಿಸಿ, ಸಂದಿಗೆ ಮಣ್ಣು–ಸಗಣಿ ಮೆತ್ತಿ ನಿಲ್ಲಿಸುತ್ತಾರೆ. ಮೇಲಿನಿಂದ ತುಂಬುವುದು, ಬುಡದಲ್ಲಿರುವ ತೂತಿನಿಂದ ತೆಗೆಯುವುದು. ತೂತಿಗೆ ಬಟ್ಟೆಯ ಬಿರಡೆ. ಈ ಏರ್ಪಾಡಿನಿಂದ ಹಳೆಯ ಕಾಳು ಮೊದಲು ಖರ್ಚಾಗುತ್ತದೆ, ಮುಚ್ಚಳ ತೆರೆಯಬೇಕಾಗಿ ಬರುವುದಿಲ್ಲ. ಹಳೆಯ ಮೈಸೂರು ಭಾಗದ ಮನೆಗಳಲ್ಲಿ ಕತ್ತಲ ಕೋಣೆಯ ಗೋಡೆಗುಂಟ ಸಾಲಾಗಿ ನಿಲ್ಲಿಸಿದ ವಾಡೆಗಳು ವರ್ಷದ ರಾಗಿ, ಅವರೆ, ಹುರುಳಿಗಳನ್ನು ಹಿಡಿಯುತ್ತಿದ್ದವು.

ಕಣಜ, ಪಣತ, ಪತ್ತಾಯ. ಬಿದಿರಿನ ದಬ್ಬೆಯಿಂದ ಹೆಣೆದು ಒಳಹೊರಗೆ ಮಣ್ಣು–ಸಗಣಿ ಸಾರಿಸಿದ, ಕಲ್ಲು ಅಥವಾ ಮರದ ಕಾಲಿನ ಮೇಲೆ ನಿಂತ ಭಂಡಾರ ಕಣಜ. ಅದೇ ಜಾತಿಯ ಚಿಕ್ಕ ಬುಟ್ಟಿರೂಪ ತೊಂಬೆ. ಪಣತ ಮಲೆನಾಡಿನ ಮನೆಯೊಳಗೆ ಕಟ್ಟಿದ ಮರದ ಭತ್ತದ ಕೋಣೆ. ಮುಂಬದಿಯ ಹಲಗೆಗಳನ್ನು ತೋಡಿನಲ್ಲಿ ಒಂದರ ಮೇಲೊಂದು ಇಳಿಬಿಟ್ಟಿರುವುದರಿಂದ ಭತ್ತ ತಗ್ಗಿದಂತೆ ಹಲಗೆ ತೆಗೆಯುತ್ತ ಹೋಗಬಹುದು. ಪತ್ತಾಯ ಕರಾವಳಿ, ಕೊಡಗುಗಳ ದೊಡ್ಡ ಮರದ ಪೆಟ್ಟಿಗೆ. ಇವುಗಳಲ್ಲಿ ಯಾವುದೂ ಗಾಳಿಬಿಗಿಯಲ್ಲ. ಭತ್ತಕ್ಕೆ ಹೊಟ್ಟಿನ ಕವಚವಿರುವುದರಿಂದ ಅಷ್ಟು ಸಾಕಾಗುತ್ತದೆ; ಇದೇ ಪಣತದಲ್ಲಿ ಅಕ್ಕಿ ಇಟ್ಟರೆ ಒಂದು ಮಳೆಗಾಲ ಕಳೆಯುವುದೂ ಕಷ್ಟ.

ತಿರಿ, ತುಪ್ಪೆ, ಮುಡಿ. ಕರಾವಳಿಯವರು ಭತ್ತದ ಹುಲ್ಲಿನಿಂದಲೇ ಭತ್ತದ ಭಂಡಾರ ಕಟ್ಟುತ್ತಿದ್ದರು. ಹುಲ್ಲಿನ ದಪ್ಪ ಹಗ್ಗವನ್ನು ಸುತ್ತಿಗೆ ಸುತ್ತು ಏರಿಸುತ್ತ, ಒಳಗೆ ಭತ್ತ ಸುರಿಯುತ್ತ ಹೋಗಿ, ಮೇಲೆ ಹುಲ್ಲಿನ ಟೋಪಿ ಹೊದಿಸಿ ಅಂಗಳದಲ್ಲೇ ನಿಲ್ಲಿಸಿದ ಈ ರಚನೆಗೆ ಕುಂದಾಪುರದ ಕಡೆ ತಿರಿ ಎಂದೂ ತುಳುವಿನಲ್ಲಿ ತುಪ್ಪೆ ಎಂದೂ ಹೆಸರು. ಕರಾವಳಿಯ ಜೋರು ಮಳೆಯಲ್ಲೂ ನೀರು ಹೊರಮೈಯ ಹುಲ್ಲಿನ ಮೇಲೆ ಜಾರಿಹೋಗಿ ಒಳಗಿನ ಭತ್ತ ಒಣಗಿಯೇ ಇರುತ್ತದೆ. ಮುಡಿ ಅಕ್ಕಿಯದು. ಅಕ್ಕಿಯನ್ನು ಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿಗೆಯಿಂದ ತಟ್ಟಿ ಚೆಂಡಾಗಿ ಮಾಡುತ್ತಾರೆ. ಒಂದು ಕಾಳೂ ಉದುರದಂತೆ ಮುಡಿ ಕಟ್ಟುವುದು ಪಳಗಿದ ಕೈಗೆ ಮಾತ್ರ ಸಾಧ್ಯ. ಹೆಚ್ಚು ಪ್ರಚಲಿತವಿದ್ದ ಅಳತೆಯಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಅಂದರೆ 42 ಸೇರಿಗೆ ಒಂದು ಮುಡಿ. ಗೇಣಿಯ ಲೆಕ್ಕವೂ ಮುಡಿಯಲ್ಲೇ ನಡೆಯುತ್ತಿತ್ತು. ಬಿತ್ತನೆಯ ಭತ್ತವನ್ನು ಬೇರೆ ಚಿಕ್ಕ ಮುಡಿಗಳಲ್ಲಿ ಕಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಅಲ್ಲಿ ಹೊಗೆ ಹುಳುವನ್ನು ದೂರವಿಡುತ್ತದೆ, ಬೀಜದ ಉಸಿರು ಕಟ್ಟುವುದಿಲ್ಲ.

ಧಾನ್ಯಗಳ ಬಾಳಿಕೆ

ಎಲ್ಲಕ್ಕಿಂತ ಹೆಚ್ಚು ಬಾಳುವುದು ರಾಗಿ. ಸಾವಿರ ಕಾಳು ಸೇರಿದರೂ 2–3 ಗ್ರಾಂ ತೂಗುವ ಇಷ್ಟು ಸಣ್ಣ ಕಾಳಿನೊಳಗೆ ಸೊಂಡಿಲು ಹುಳುವಿನ ಮರಿಗೆ ಬೆಳೆಯಲು ಜಾಗವೇ ಇಲ್ಲ, ಕಾಳುಗಳ ನಡುವೆ ಗಾಳಿಯಾಡುವ ಸಂದೂ ಕಡಿಮೆ. ಚೆನ್ನಾಗಿ ಒಣಗಿಸಿ ಮುಚ್ಚಿಟ್ಟ ರಾಗಿ ದಶಕ ದಾಟಿದರೂ ಉಣ್ಣಲು ಬರುತ್ತದೆ. ಕೊಯ್ದ ತೆನೆಯನ್ನು ಕೂಡಲೇ ಬಡಿಯದೆ ಮೆದೆ ಹಾಕಿ ಹದಗೊಳ್ಳಲು ಬಿಡುವ ರೂಢಿಯೂ ಬಾಳಿಕೆಗೆ ನೆರವಾಗುತ್ತದೆ. ಜೋಳ ರಾಗಿಯಷ್ಟು ಗಟ್ಟಿಯಲ್ಲ, ಗಾಳಿ ಸೋಕಿದರೆ ಒಂದೇ ವರ್ಷದಲ್ಲಿ ಹುಳ ಬೀಳುತ್ತದೆ. ಹಗೇವಿನ ಅಗತ್ಯ ಅದಕ್ಕೇ ಹೆಚ್ಚು.

ಭತ್ತವನ್ನು ಭತ್ತವಾಗಿಯೇ ಇಟ್ಟು, ಬೇಕಾದಾಗ ಬೇಕಾದಷ್ಟೇ ಕುಟ್ಟಿಸುವುದು ಹಳೆಯ ನಿಯಮ. ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ಹೆಚ್ಚು ಬಾಳುತ್ತದೆ: ಭತ್ತ ಬೇಯಿಸುವಾಗ ಅಕ್ಕಿಯ ಪಿಷ್ಟ ಅಂಟಾಗಿ ಕಾಳು ಗಟ್ಟಿಯಾಗುತ್ತದೆ, ತೌಡಿನ ಕೊಬ್ಬನ್ನು ಮುಗ್ಗಿಸುವ ಕಿಣ್ವ ಆ ಬಿಸಿಗೆ ನಿಷ್ಕ್ರಿಯವಾಗುತ್ತದೆ. ಶೇಂಗಾವನ್ನು ಸಿಪ್ಪೆಯೊಡನೆ, ಹುಣಸೆಯನ್ನು ಬೀಜ ತೆಗೆದು ಉಪ್ಪು ಬೆರೆಸಿ ಉಂಡೆಕಟ್ಟಿ ಇಡುತ್ತಾರೆ. ಹಿಟ್ಟು, ರವೆಗಳು ದಾಸ್ತಾನಿಗೆ ಸೇರುವ ವಸ್ತುಗಳಲ್ಲ. ಬೀಸಿದ ಕ್ಷಣದಿಂದ ಕಾಳಿನ ಎಣ್ಣೆ ಗಾಳಿಗೆ ತೆರೆದುಕೊಳ್ಳುತ್ತದೆ. ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುವುದು ಇದರಿಂದಲೇ.

ಹುಳು ತಡೆಯುವ ಕ್ರಮಗಳು

ತೊಗರಿ, ಅವರೆ, ಅಲಸಂದೆಗಳಿಗೆ ಕೆಮ್ಮಣ್ಣಿನ ಬಗ್ಗಡ ಲೇಪಿಸಿ ಒಣಗಿಸುವುದು ಬಯಲುಸೀಮೆಯಲ್ಲಿ ವ್ಯಾಪಕ. ಮಣ್ಣಿನ ಪೊರೆ ಕುಟ್ಟೆಯ ಮೊಟ್ಟೆ ಕಾಳಿಗೆ ಅಂಟದಂತೆ ತಡೆಯುತ್ತದೆ, ನುಣ್ಣನೆಯ ಧೂಳು ದುಂಬಿಯ ಮೈಮೇಲಿನ ಮೇಣದ ಪದರವನ್ನು ಉಜ್ಜಿ ತೆಗೆದು ಅದನ್ನು ಒಣಗಿಸಿ ಕೊಲ್ಲುತ್ತದೆ. ಸೋಸಿದ ಬೂದಿಯ ಕೆಲಸವೂ ಇದೇ. ತೊಗರಿಬೇಳೆ, ಹೆಸರುಕಾಳುಗಳಿಗೆ ಹರಳೆಣ್ಣೆ ಸವರುವುದುಂಟು; ಎಣ್ಣೆಯ ಪೊರೆ ಮೊಟ್ಟೆಯ ಉಸಿರುದಾರಿ ಮುಚ್ಚುತ್ತದೆ. ಬೇವು, ಲಕ್ಕಿ, ಹೊಂಗೆ ಸೊಪ್ಪುಗಳನ್ನು ನೆರಳಲ್ಲಿ ಒಣಗಿಸಿ ಪದರ ಪದರವಾಗಿ ಹಾಕುವುದು, ಬಜೆಯ ಬೇರು ಅಥವಾ ಒಣಮೆಣಸಿನಕಾಯಿ ಇಡುವುದು ಇತರ ಕ್ರಮಗಳು. ಇವು ಹುಳುವನ್ನು ದೂರವಿಡಬಲ್ಲವು, ಆಗಲೇ ಕಾಳಿನೊಳಗಿರುವ ಮರಿಯನ್ನು ಕೊಲ್ಲಲಾರವು. ಸೊಪ್ಪು ಹಸಿಯಾಗಿದ್ದರೆ ಅದರ ತೇವದಿಂದ ಕೇಡೇ ಹೆಚ್ಚು.

ಸಂರಕ್ಷಿತ ಆಹಾರಗಳು

ಉಪ್ಪು. ಮಾವಿನ ಮಿಡಿ ಈ ವರ್ಗದ ಮುಖ್ಯ ಪದಾರ್ಥ. ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳಲ್ಲಿ ಅಘನಾಶಿನಿ, ಶರಾವತಿ ಮೊದಲಾದ ಹೊಳೆಗಳ ದಂಡೆಯ ಕಾಡುಮಾವಿನ ಮರಗಳಿಂದ ಬರುವ ಅಪ್ಪೆಮಿಡಿ ತನ್ನ ಸೊನೆಯ ಪರಿಮಳಕ್ಕೂ ಬಾಳಿಕೆಗೂ ಹೆಸರಾದದ್ದು. 2009ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಪರಿಮಳದ ಜೀರಿಗೆ ಮಿಡಿ ಹೆಸರಾಂತ ತಳಿಗಳು. ಮಿಡಿಯನ್ನು ತೊಟ್ಟಿನೊಡನೆ, ನೆಲಕ್ಕೆ ಬೀಳದಂತೆ ಕೊಯ್ಯಬೇಕು. ಪೆಟ್ಟು ಬಿದ್ದ ಒಂದು ಮಿಡಿ ಭರಣಿಯೊಳಗೆ ಮೆತ್ತಗಾಗಿ ಸುತ್ತಲಿನದನ್ನೂ ಕೆಡಿಸುತ್ತದೆ. ತೊಟ್ಟನ್ನು ತುಸುವೇ ಉಳಿಸಿ ಕತ್ತರಿಸುವುದು ಸೊನೆ ಸೋರಿಹೋಗದಿರಲೆಂದು. ತೊಳೆದು ನೀರಾರಿದ ಮಿಡಿಯನ್ನು ಕಲ್ಲುಪ್ಪಿನೊಂದಿಗೆ ಪದರವಾಗಿ ತುಂಬಿ ಭಾರ ಹೇರಿದರೆ, ಕೆಲವು ದಿನಗಳಲ್ಲಿ ಮಿಡಿಯ ನೀರೆಲ್ಲ ಹೊರಬಂದು ಅದು ಸುಕ್ಕುಗಟ್ಟಿ ಚಿರುಟುತ್ತದೆ. ಆ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಅದರಲ್ಲಿ ಸಾಸಿವೆ, ಒಣಮೆಣಸು, ಅರಿಸಿನಗಳನ್ನು ಅರೆದು ಮಿಡಿಗೆ ಬೆರೆಸುತ್ತಾರೆ. ಮಲೆನಾಡಿನ ಈ ಕ್ರಮದಲ್ಲಿ ಎಣ್ಣೆಯಿಲ್ಲ. ಕಾಯುವುದು ಉಪ್ಪು, ಮಾವಿನ ಹುಳಿ, ಸಾಸಿವೆಯ ಖಾರ ಮತ್ತು ಸೊನೆ. ಉಪ್ಪಿನ ಪ್ರಮಾಣ 12 ಪ್ರತಿಶತಕ್ಕಿಂತ ಇಳಿದರೆ ಬಾಳಿಕೆ ಅನುಮಾನ. ಸರಿಯಾಗಿ ಹಾಕಿದ ಮಿಡಿ ಮೂರು ನಾಲ್ಕು ವರ್ಷವೂ ಕಟಕಟೆನ್ನುತ್ತದೆ.

ಹಲಸಿನ ಉಪ್ಪುಸೊಳೆ ಕರಾವಳಿಯ ಮಳೆಗಾಲದ ಆಧಾರ. ಬಲಿತ, ಇನ್ನೂ ಹಣ್ಣಾಗದ ಕಾಯಿಯ ಸೊಳೆ ಬಿಡಿಸಿ ಉಪ್ಪಿನೊಂದಿಗೆ ಒತ್ತಿ ತುಂಬಿಡುತ್ತಾರೆ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ತೆಗೆದು ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಪಲ್ಯ, ರೊಟ್ಟಿ, ಉಂಡ್ಲುಕ ಎಂಬ ಕರಿದ ಉಂಡೆಗಳಿಗೆ ಒದಗುತ್ತದೆ. ಕಳಲೆ, ನೆಲ್ಲಿ, ಅಂಬಟೆಗಳನ್ನೂ ಹೀಗೆಯೇ ಉಪ್ಪುನೀರಿನಲ್ಲಿಡುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನು, ಸಿಗಡಿಗಳು ಸಾರಿಗೆ ಬರುತ್ತವೆ.

ಬಿಸಿಲು. ಶಿವರಾತ್ರಿ ಕಳೆದ ಮೇಲೆ ಯುಗಾದಿಯ ಆಚೆಯವರೆಗೆ ಹಪ್ಪಳ, ಸಂಡಿಗೆ, ಶಾವಿಗೆಯ ಕಾಲ. ಉದ್ದಿನ ಹಪ್ಪಳ ಎಲ್ಲೆಡೆ ಇದೆ. ಹಲಸಿನ ಹಪ್ಪಳ, ಮಾವಿನ ರಸವನ್ನು ಚಾಪೆಯ ಮೇಲೆ ಪದರವಾಗಿ ಒಣಗಿಸಿದ ಮಾಂಬಳ, ಹಲಸಿನ ಬೀಜವನ್ನು ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿದ ಸಾಂತಾಣಿ ಘಟ್ಟದ ಆಚೀಚೆಯವು. ಮಜ್ಜಿಗೆ, ಉಪ್ಪುಗಳಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸು, ಗೋರಿಕಾಯಿ ಬಾಳಕ ಬಯಲುಸೀಮೆಯವು. ಉತ್ತರ ಕರ್ನಾಟಕದಲ್ಲಿ ಕಡಲೆಯ ಎಳೆಸೊಪ್ಪನ್ನು ಅದರ ಹುಳಿಯೊಡನೆ ಒಣಗಿಸಿಟ್ಟು ವರ್ಷವಿಡೀ ಪಲ್ಲೆ ಮಾಡುತ್ತಾರೆ. ಅಲ್ಲಿನ ಜೋಳ, ಸಜ್ಜೆಗಳ ಕಡಕ್ ರೊಟ್ಟಿ, ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳು ವರ್ಷದ ದಾಸ್ತಾನಲ್ಲದಿದ್ದರೂ ವಾರಗಟ್ಟಲೆ ಬಾಳುವ, ಪ್ರಯಾಣಕ್ಕೆ ಹೊಂದುವ ಬುತ್ತಿ.

ಹುಳಿ ಮತ್ತು ಹೊಗೆ. ಮುರುಗಲು (ಪುನರ್ಪುಳಿ), ಉಪ್ಪಾಗೆ, ವಾಟೆಹುಳಿಗಳು ಹಣ್ಣಾಗುವ ಹೊತ್ತಿಗೆ ಮಳೆ ಹಿಡಿಯುವುದರಿಂದ ಮಲೆನಾಡಿನವರು ಇವನ್ನು ಬಿಸಿಲಿನ ಜೊತೆ ಒಲೆಯ ಅಟ್ಟದ ಬಿಸಿ, ಹೊಗೆಗಳಲ್ಲೂ ಒಣಗಿಸುತ್ತಾರೆ. ಕೊಡಗಿನಲ್ಲಿ ಉಪ್ಪಾಗೆ ಜಾತಿಯದೇ ಹಣ್ಣಿನ ರಸ ಸೋಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ ಕಾಚಂಪುಳಿ ಹಲವು ವರ್ಷ ಕೆಡದ ದ್ರವ. ಅಲ್ಲಿನ ಹಂದಿ ಮಾಂಸದ ಅಡುಗೆಗೆ ಇದು ಬೇಕೇ ಬೇಕು.

ತೂಗುಹಾಕುವುದು. ಸಂರಕ್ಷಣೆಯ ಅರ್ಥಕ್ಕೆ ಸೇರದಿದ್ದರೂ, ಯಾವ ಸಂಸ್ಕಾರವೂ ಇಲ್ಲದೆ ಉಳಿಯುವ ತರಕಾರಿಗಳನ್ನೂ ಇಲ್ಲಿ ಹೇಳಬೇಕು. ಬೇಸಿಗೆಯ ಗದ್ದೆಯಲ್ಲಿ ಬೆಳೆದ ಮಂಗಳೂರು ಸೌತೆಯನ್ನು ಬಾಳೆಯ ನಾರಿನಲ್ಲಿ ಒಂದಕ್ಕೊಂದು ತಾಗದಂತೆ ಕಟ್ಟಿ ಮಾಡಿನ ಪಕಾಸಿಗೆ ತೂಗುಹಾಕಿದರೆ ಮಳೆಗಾಲ ಮುಗಿಯುವವರೆಗೂ ಸಿಗುತ್ತದೆ. ಬೂದುಗುಂಬಳದ ಮೈಮೇಲಿನ ಬಿಳಿ ಮೇಣವನ್ನು ಒರೆಸದೆ ಇಟ್ಟರೆ ಅದೂ ತಿಂಗಳುಗಟ್ಟಲೆ ಉಳಿಯುತ್ತದೆ. ಸುವರ್ಣಗೆಡ್ಡೆ ಅಟ್ಟದ ಮೂಲೆಯಲ್ಲಿ ಹಾಗೆಯೇ ಇರಬಲ್ಲದು.

ವರ್ಷದ ಲೆಕ್ಕ

ದಾಸ್ತಾನಿನ ಲೆಕ್ಕ ಧಾನ್ಯದಿಂದ ಆರಂಭವಾಗುತ್ತದೆ. ಒಬ್ಬರಿಗೆ ದಿನಕ್ಕೆ 300 ಗ್ರಾಂ ಎಂದು ಹಿಡಿದರೆ ನಾಲ್ವರ ಮನೆಗೆ ವರ್ಷಕ್ಕೆ 438 ಕಿಲೋ ಬೇಕು. 100 ಕಿಲೋ ಭತ್ತಕ್ಕೆ ಸುಮಾರು 67 ಕಿಲೋ ಅಕ್ಕಿ ಬರುವ ಲೆಕ್ಕದಲ್ಲಿ ಇದು ಆರೂವರೆ ಕ್ವಿಂಟಲ್ ಭತ್ತ. ಬಿತ್ತನೆ ಬೀಜ, ಆಳುಕಾಳಿನ ಕೂಲಿ, ನೆಂಟರು, ಹಬ್ಬ–ಮದುವೆ, ದೇವರ ಕಾಣಿಕೆಗಳ ಪಾಲು ಇದರ ಹೊರಗೆ. ಹಿಂದಿನ ಅಳತೆಯಲ್ಲಿ 20 ಕೊಳಗಕ್ಕೆ ಒಂದು ಖಂಡುಗ. ಕೊಳಗದ ಗಾತ್ರ ಮಾತ್ರ ಸೀಮೆಯಿಂದ ಸೀಮೆಗೆ ಬೇರೆ. ಬೀಜದ ಪಾಲನ್ನು ಮೊದಲು ತೆಗೆದು ಬೇರೆ ಇಡುವುದು, ಹಳೆಯದು ಮುಗಿಯದೆ ಹೊಸದಕ್ಕೆ ಕೈಹಾಕದಿರುವುದು, ಹೊಸ ಧಾನ್ಯವನ್ನು ಹಳೆಯದರ ಮೇಲೆ ಸುರಿಯದಿರುವುದು ಸಾಮಾನ್ಯ ನಿಯಮಗಳು. ಕೊನೆಯದನ್ನು ಮೀರಿದರೆ ಹಳೆಯ ಕಾಳಿನ ಹುಳು ಹೊಸದಕ್ಕೆ ಸುಲಭವಾಗಿ ದಾಟುತ್ತದೆ.

ಯಾವ ಭರಣಿಗೆ ಯಾವಾಗ ಕೈಹಾಕಬೇಕು, ಯಾವ ವಾಡೆಯ ಕಾಳು ಎಷ್ಟು ದಿನ ಬರುತ್ತದೆ ಎಂಬ ತೀರ್ಮಾನ ಮನೆಯ ಹಿರಿಯ ಹೆಂಗಸಿನದಾಗಿರುತ್ತಿತ್ತು. ಹೊಲದ ಲೆಕ್ಕ ಬರಹಕ್ಕೆ ಸಿಕ್ಕಿದಷ್ಟು ಈ ಲೆಕ್ಕ ಸಿಕ್ಕಿಲ್ಲ.

ಅಪಾಯಗಳು

ಬೂಷ್ಟು ಹಿಡಿದ ಶೇಂಗಾ, ಮೆಕ್ಕೆಜೋಳಗಳಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಉತ್ಪಾದಿಸುತ್ತದೆ. ಇದು ಮಾಮೂಲಿ ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಜಿಲ್ಲೆಗಳಲ್ಲಿ ಇಂಥ ಮೆಕ್ಕೆಜೋಳ ತಿಂದು ಯಕೃತ್ತಿನ ಕಾಯಿಲೆಯಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮುಗ್ಗಿದ ಕಾಳನ್ನು ತೊಳೆದು, ಒಣಗಿಸಿ ಬಳಸುವುದು ಮಿತವ್ಯಯವಲ್ಲ.

ತರಕಾರಿಗಳನ್ನು ಡಬ್ಬಿಯಲ್ಲಿ ಗಾಳಿಬಿಗಿಯಾಗಿ ಮುಚ್ಚಿಡುವ ವಿದೇಶಿ ಕ್ರಮ ಇಲ್ಲಿನ ಮನೆಗಳಲ್ಲಿ ಬೇರೂರಿಲ್ಲ. ಅದನ್ನು ಅನುಸರಿಸುವವರು ಒಂದು ಮಿತಿ ತಿಳಿದಿರಬೇಕು: ಆಮ್ಲೀಯತೆಯ ಸೂಚ್ಯಂಕ (ಪಿಎಚ್) 4.6ಕ್ಕಿಂತ ಮೇಲಿರುವ, ಅಂದರೆ ಹುಳಿ ಸಾಲದ ಪದಾರ್ಥದಲ್ಲಿ ಬಾಟುಲಿಸಮ್ ರೋಗಾಣುವಿನ ಬೀಜಕಗಳು ಕುದಿಯುವ ನೀರಿಗೂ ಸಾಯದೆ ಉಳಿಯುತ್ತವೆ. 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆ ಬೇಕು. ಉಪ್ಪೂ ಹುಳಿಯೂ ಸಾಕಷ್ಟಿರುವ ಸಾಂಪ್ರದಾಯಿಕ ಉಪ್ಪಿನಕಾಯಿಯಲ್ಲಿ ಈ ಭಯವಿಲ್ಲ. ಆರೋಗ್ಯಕ್ಕೆಂದು ಉಪ್ಪು ತಗ್ಗಿಸಿದ ಹೊಸ ಪಾಕಗಳನ್ನು ಮಾತ್ರ ಫ್ರಿಜ್ಜಿನಲ್ಲೇ ಇಡಬೇಕು.

ಅಕ್ಕಿಗೆ ಬೋರಿಕ್ ಪುಡಿ ಬೆರೆಸುವ ರೂಢಿ ಹಲವು ಮನೆಗಳಲ್ಲಿದೆ. ಎಷ್ಟು ತೊಳೆದರೂ ಸ್ವಲ್ಪ ಉಳಿಯುವುದರಿಂದ ಇದು ತಕ್ಕ ಕ್ರಮವಲ್ಲ. ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ತೇವ ತಾಗಿದೊಡನೆ ಫಾಸ್ಫೀನ್ ಎಂಬ ಮಾರಕ ಅನಿಲ ಬಿಡುತ್ತದೆ. ಜನ ಮಲಗುವ ಮನೆಯಲ್ಲಿ ಅದನ್ನು ಬಳಸಲೇಬಾರದು.

ಈಗಿನ ಸ್ಥಿತಿ

ದೊಡ್ಡ ದಾಸ್ತಾನಿನ ಕಾಲ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಗಿಯುತ್ತ ಬಂತು. 1974ರ ಭೂಸುಧಾರಣೆಯಿಂದ ಗೇಣಿ ಅಕ್ಕಿಯ ಮುಡಿಗಳು ಒಡೆಯರ ಮನೆಗೆ ಬರುವುದು ನಿಂತಿತು. ಭತ್ತದ ಗದ್ದೆಗಳಲ್ಲಿ ಅಡಿಕೆ, ರಾಗಿ–ಜೋಳದ ಹೊಲಗಳಲ್ಲಿ ಮೆಕ್ಕೆಜೋಳ ಬಂದು, ಧಾನ್ಯ ಕೊಂಡು ಉಣ್ಣುವ ರೈತರು ಹೆಚ್ಚಿದರು. ಪಡಿತರ ವ್ಯವಸ್ಥೆ, ಅದರ ಮೇಲೆ ಜುಲೈ 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ತಿಂಗಳಿಗೆ ತಿಂಗಳು ಧಾನ್ಯ ಸಿಗುವ ಭರವಸೆ ಕೊಟ್ಟವು. ಹಗೇವು ಮಾಡುತ್ತಿದ್ದ ಕೆಲಸವನ್ನು ಸರ್ಕಾರದ ಗೋದಾಮು ವಹಿಸಿಕೊಂಡಿತು. ಇದರಿಂದ ಹೆಚ್ಚು ಲಾಭವಾದದ್ದು ಹಿಂದೆಯೂ ದಾಸ್ತಾನು ಇಲ್ಲದಿದ್ದವರಿಗೆ. ಹಗೇವುಗಳನ್ನು ಬಹುಮಟ್ಟಿಗೆ ಮುಚ್ಚಲಾಗಿದೆ, ವಾಡೆಯ ಬಳೆ ಮಾಡಬಲ್ಲ ಕುಂಬಾರರೂ ಮುಡಿ ಕಟ್ಟಬಲ್ಲವರೂ ವಿರಳರಾಗಿದ್ದಾರೆ.

ಸಂಗ್ರಹದ ಹೊಸ ಸಾಧನಗಳೂ ಬಂದಿವೆ. 1960ರ ದಶಕದಿಂದ ಕೇಂದ್ರ ಸರ್ಕಾರದ ‘ಧಾನ್ಯ ಉಳಿಸಿ’ ಆಂದೋಲನ ತಗಡಿನ ಡ್ರಮ್ಮುಗಳನ್ನು ಪ್ರಚುರಪಡಿಸಿತು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ‘ಪೂಸಾ ಬಿನ್’ ಎರಡು ಮಣ್ಣಿಟ್ಟಿಗೆಯ ಗೋಡೆಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಕಟ್ಟುವ ಕಣಜ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ (ಸಿಎಫ್‌ಟಿಆರ್‌ಐ) ಧಾನ್ಯದ ಕೀಟ ನಿಯಂತ್ರಣ ಮತ್ತು ಆಹಾರ ಸಂರಕ್ಷಣೆಗಳಲ್ಲಿ ಕೆಲಸ ಮಾಡಿದೆ. ಮೈಸೂರಿನಲ್ಲೇ 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ತಿಂಗಳುಗಟ್ಟಲೆ ಕೆಡದ ಚಪಾತಿಯಂಥ ಸಿದ್ಧ ಆಹಾರಗಳನ್ನು ರೂಪಿಸಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 1980ರ ದಶಕದಲ್ಲಿ ಆಫ್ರಿಕದ ಅಲಸಂದೆ ಬೆಳೆಗಾರರಿಗಾಗಿ ರೂಪಿಸಿದ, ಒಳಗೆ ಎರಡು ಪಾಲಿಥೀನ್ ಚೀಲಗಳೂ ಹೊರಗೆ ನೇಯ್ಗೆಯ ಚೀಲವೂ ಇರುವ ಗಾಳಿಬಿಗಿ ಚೀಲ ಭಾರತದಲ್ಲೂ ದೊರೆಯುತ್ತದೆ. ಒಳಗಿನ ಹುಳು ಆಮ್ಲಜನಕ ಮುಗಿಸಿ ತಾನೇ ಸಾಯುತ್ತದೆ, ಔಷಧದ ಅಗತ್ಯವಿಲ್ಲ. ಚೀಲಕ್ಕೆ ಒಂದು ಸೂಜಿಯಷ್ಟು ತೂತು ಬಿದ್ದರೂ ಇದು ನಿಷ್ಪ್ರಯೋಜಕ, ಇಲಿಯಿಂದ ಕಾಯುವುದು ಬೇರೆ ಕೆಲಸ.

ಸಂರಕ್ಷಿತ ಆಹಾರಗಳ ಸ್ಥಿತಿ ಬೇರೆ. ಅವು ಮನೆಯಿಂದ ಕಡಿಮೆಯಾದರೂ ಮಾರುಕಟ್ಟೆಯಲ್ಲಿ ಬೆಳೆದಿವೆ. ಹಪ್ಪಳ, ಸಂಡಿಗೆ, ಕಡಕ್ ರೊಟ್ಟಿ, ಚಟ್ನಿಪುಡಿಗಳನ್ನು ಮಹಿಳಾ ಸ್ವಸಹಾಯ ಗುಂಪುಗಳು ಮಾಡಿ ಮಾರುತ್ತವೆ. ಬೆಂಗಳೂರಿನ ಅಂಗಡಿಗಳಿಗೂ ಹೊರದೇಶದ ಕನ್ನಡಿಗರ ಮನೆಗಳಿಗೂ ಹೋಗುವ ಪೊಟ್ಟಣಗಳಲ್ಲಿ ಇವು ಇರುತ್ತವೆ. ಕಾಡಿನ ಅಪ್ಪೆಮರಗಳ ಕೊಂಬೆಗಳನ್ನೇ ಕಡಿದು ಮಿಡಿ ಇಳಿಸುವ ಅಭ್ಯಾಸದಿಂದ ಒಳ್ಳೆಯ ತಳಿಗಳು ಕಡಿಮೆಯಾದಾಗ ಸಿರಸಿ, ಸಾಗರ ಭಾಗಗಳಲ್ಲಿ ಕಸಿಗಿಡಗಳನ್ನು ಬೆಳೆಸುವ ಕೆಲಸ ಆರಂಭವಾಯಿತು. ಈಗ ಅಡಿಕೆ ತೋಟದ ಅಂಚಿನಲ್ಲೂ ಬೇಣದಲ್ಲೂ ನೆಟ್ಟ ಕಸಿ ಅಪ್ಪೆಗಳಿಂದ ಮಿಡಿ ಬರುತ್ತಿದೆ, ಬೇಸಿಗೆಯಲ್ಲಿ ರಿಪ್ಪನ್‌ಪೇಟೆ ಕಡೆಯ ಮಾರುಕಟ್ಟೆಗಳಲ್ಲಿ ಮಿಡಿಯ ವ್ಯಾಪಾರ ನಡೆಯುತ್ತದೆ.